ಸಾವಿರ ಮೈಲಿ ವೇಗದ ಘೋಷಣೆ

ಗಂಟೆಗೆ 1,000 ಮೈಲಿ, ಅಂದರೆ 1,609 ಕಿಲೋಮೀಟರ್ ವೇಗದಲ್ಲಿ ನೆಲದ ಮೇಲೆ ಓಡುವ ಕಾರೊಂದನ್ನು ಕಟ್ಟಲಾಗುವುದೆಂದು 2008ರ ಅಕ್ಟೋಬರ್ 23ರಂದು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ, ಬ್ರಿಟನ್ನಿನ ವಿಜ್ಞಾನ ಸಚಿವರ ಮುಂದಾಳತ್ವದಲ್ಲಿ ಸಾರಲಾಯಿತು. ಕಾರಿನ ಹೆಸರು ಬ್ಲಡ್‌ಹೌಂಡ್. ದಕ್ಷಿಣ ಆಫ್ರಿಕಾದ ಹಾಕ್ಸ್ಕೀನ್ ಪ್ಯಾನ್ ಎಂಬ ಒಣಗಿದ ಕೆರೆಯ ಪಾತಳಿ ಅದರ ಓಟದ ಅಂಗಳ. ಆ ಅಂಗಳದಲ್ಲಿ ಅದು ಮೊದಲು ಚಕ್ರ ಉರುಳಿಸಿದ್ದು 2019ರ ಅಕ್ಟೋಬರ್ ಕೊನೆಯ ಹೊತ್ತಿಗೆ. ಲಂಡನ್ನಿನಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸರಿಸುಮಾರು 9,000 ಕಿಲೋಮೀಟರ್ ಆಗುತ್ತದೆ. ಈ ದೂರವನ್ನು ಹನ್ನೊಂದು ವರ್ಷಗಳಲ್ಲಿರುವ ಗಂಟೆಗಳಿಂದ ಭಾಗಿಸಿದರೆ, ಜಗತ್ತಿನ ಅತಿ ವೇಗದ ಕಾರಿನ ಸರಾಸರಿ ವೇಗ ಗಂಟೆಗೆ ನೂರು ಮೀಟರಿಗೂ ತುಸು ಕಡಿಮೆ ಎಂದು ಗೊತ್ತಾಗುತ್ತದೆ. ಆಮೆ ಇದಕ್ಕಿಂತ ಚುರುಕಾಗಿ ನಡೆಯುತ್ತದೆ. ಆದರೆ ಆಮೆಗೆ ಪ್ರಾಯೋಜಕರು ಸಿಗುವುದಿಲ್ಲ.

ಇವರು ಅನುಭವವಿಲ್ಲದೆ ಹೊರಟವರೆಂದು ಯಾರೂ ತಿಳಿಯಬಾರದು. ಯೋಜನೆಯ ಮುಂದಾಳು ರಿಚರ್ಡ್ ನೋಬಲ್ 1983ರಲ್ಲಿ ಅಮೆರಿಕದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಥ್ರಸ್ಟ್-2 ಎಂಬ ಜೆಟ್ ಕಾರನ್ನು ಗಂಟೆಗೆ 633 ಮೈಲಿ ವೇಗದಲ್ಲಿ ತಾವೇ ಓಡಿಸಿ ದಾಖಲೆ ಸ್ಥಾಪಿಸಿದ್ದವರು. ಬ್ರಿಟನ್ನಿನ ವಾಯುಪಡೆಯ ಪೈಲಟ್ ಆಂಡಿ ಗ್ರೀನ್ ಅದೇ ಮರುಭೂಮಿಯಲ್ಲಿ 1997ರಲ್ಲಿ, ನೋಬಲ್ ಅವರ ತಂಡವೇ ಕಟ್ಟಿದ ಥ್ರಸ್ಟ್ ಎಸ್‌ಎಸ್‌ಸಿಯನ್ನು 763 ಮೈಲಿ ವೇಗದಲ್ಲಿ ಓಡಿಸಿ, ಶಬ್ದವನ್ನು ಹಿಂದಿಕ್ಕಿದ ಮೊದಲ ನೆಲದ ದಾಖಲೆಯನ್ನು ಬರೆದರು. ಅದು ಇಂದಿಗೂ ಅಳಿದಿಲ್ಲ. ಹೀಗಾಗಿ ಬ್ಲಡ್‌ಹೌಂಡ್ ಮುರಿಯಬೇಕಿದ್ದುದು ತನ್ನ ಮನೆಯವರದೇ ದಾಖಲೆಯನ್ನು. ಬೇರೆಯವರು ಬಂದು ಮುರಿದಾರೆಂಬ ಆತಂಕಕ್ಕೆ ತಮ್ಮದನ್ನು ತಾವೇ ಮುರಿಯಲು ಹೊರಡುವುದಕ್ಕೆ ದೊಡ್ಡ ಮನಸ್ಸೂ ಅದಕ್ಕಿಂತ ದೊಡ್ಡ ಚಂದಾಪಟ್ಟಿಯೂ ಬೇಕಾಗುತ್ತವೆ.

ಈ ಯಂತ್ರ ಕಾರುಗಳ ಪಂಕ್ತಿಯಲ್ಲಿ ಕುಳಿತಿರುವುದು ನಿಯಮ ಪುಸ್ತಕದ ಔದಾರ್ಯದಿಂದ. ಉದ್ದ ಹದಿಮೂರೂವರೆ ಮೀಟರ್, ತೂಕ ಏಳೂವರೆ ಟನ್. ಬೆನ್ನಲ್ಲಿ ಯೂರೋಫೈಟರ್ ಟೈಫೂನ್ ಯುದ್ಧವಿಮಾನದ ಇಜೆ200 ಜೆಟ್ ಎಂಜಿನ್, ಅದರ ಕೆಳಗೆ ಒಂದು ರಾಕೆಟ್ಟಿಗಾಗಿ ಮೀಸಲಿಟ್ಟ ಜಾಗ. (ಈ ಇಜೆ200 ನಮ್ಮ ಬೆಂಗಳೂರಿನಲ್ಲಿ ವಿನ್ಯಾಸಗೊಳ್ಳುತ್ತಿದ್ದ ತೇಜಸ್ ಮಾರ್ಕ್-2 ವಿಮಾನಕ್ಕೂ ಉಮೇದುವಾರನಾಗಿ ಬಂದು, 2010ರಲ್ಲಿ ಅಮೆರಿಕದ ಜಿಇ 414 ಎಂಜಿನ್ನಿನ ಎದುರು ಸೋತಿತ್ತು. ಆಕಾಶದಲ್ಲಿ ಕೈತಪ್ಪಿದ ಕೆಲಸಕ್ಕೆ ನೆಲದ ಮೇಲಾದರೂ ಬೆಲೆ ಸಿಗಲಿ ಎಂದು ಹಾರೈಸುವುದರಲ್ಲಿ ತಪ್ಪೇನಿಲ್ಲ.) ನಾಲ್ಕು ಚಕ್ರಗಳಿವೆಯಾದರೂ ಎಂಜಿನ್ ಅವನ್ನು ತಿರುಗಿಸುವುದಿಲ್ಲ, ಹಿಂದಿನಿಂದ ಹೊರಟ ಬೆಂಕಿ ಕಾರನ್ನು ದೂಡುತ್ತದೆ, ಚಕ್ರಗಳು ಮರ್ಯಾದೆಗೆ ಉರುಳುತ್ತವೆ. ರೆಕ್ಕೆಯಿಲ್ಲದ ವಿಮಾನವೊಂದು ಮೇಲೇಳದಂತೆ ನೋಡಿಕೊಳ್ಳುವುದೇ ಇದರ ಎಂಜಿನಿಯರರ ಮುಖ್ಯ ತಲೆನೋವು. ಹಾರಲೆಂದು ಹುಟ್ಟಿದ ಎಂಜಿನ್ನನ್ನು ತಂದು ಅದು ಹಾರದಂತೆ ವರ್ಷಗಟ್ಟಲೆ ಲೆಕ್ಕ ಹಾಕುವುದನ್ನು ಪ್ರಗತಿ ಎನ್ನದೆ ಬೇರೇನೆನ್ನಬೇಕು?

ನಿಯಮ ಪುಸ್ತಕ ಮೊದಲು ಇಷ್ಟು ಉದಾರವಾಗಿರಲಿಲ್ಲ. ಅಮೆರಿಕದ ಕ್ರೇಗ್ ಬ್ರೀಡ್‌ಲವ್ 1963ರ ಆಗಸ್ಟಿನಲ್ಲಿ ಬಾನವಿಲ್ ಉಪ್ಪುಬಯಲಿನಲ್ಲಿ ತಮ್ಮ ಜೆಟ್ ವಾಹನವನ್ನು ಗಂಟೆಗೆ 407 ಮೈಲಿ ಓಡಿಸಿದಾಗ, ಅದಕ್ಕೆ ಮೂರೇ ಚಕ್ರಗಳಿದ್ದವು ಮತ್ತು ಆ ಚಕ್ರಗಳಿಗೆ ಎಂಜಿನ್ನಿನ ಸಂಪರ್ಕವಿರಲಿಲ್ಲ ಎಂಬ ಕಾರಣಕ್ಕೆ ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ಅದನ್ನು ಒಪ್ಪಲಿಲ್ಲ. ಮೋಟಾರ್ ಸೈಕಲ್ಲುಗಳ ಒಕ್ಕೂಟ ಮಾತ್ರ ಕರುಣೆ ತೋರಿ ತನ್ನ ಪುಸ್ತಕದಲ್ಲಿ ಜಾಗ ಕೊಟ್ಟಿತು. ಯುದ್ಧವಿಮಾನದ ಎಂಜಿನ್ ಹೊತ್ತ ಆ ಭೀಮಕಾಯ ಒಂದಷ್ಟು ಕಾಲ ಮೋಟಾರ್ ಸೈಕಲ್ಲಿನ ಜಾತಿ ಪ್ರಮಾಣಪತ್ರದಲ್ಲಿ ಬದುಕಿತು. ಆಮೇಲೆ ಎಫ್‌ಐಎ ಮನಸ್ಸು ಕರಗಿಸಿ, ಚಕ್ರ ತಿರುಗಿಸದ ಎಂಜಿನ್ನಿಗೂ ಬಾಗಿಲು ತೆರೆಯಿತು. ಆದರೆ ಇನ್ನೊಂದು ನಿಯಮವನ್ನು ಅದು ಸಡಿಲಿಸಲಿಲ್ಲ: ಅಳತೆಯ ಮೈಲಿಯನ್ನು ಎರಡೂ ದಿಕ್ಕಿನಲ್ಲಿ ಒಂದು ಗಂಟೆಯೊಳಗೆ ಓಡಬೇಕು, ಎರಡರ ಸರಾಸರಿಯೇ ದಾಖಲೆ. 1997ರ ಅಕ್ಟೋಬರ್ 13ರಂದು ಥ್ರಸ್ಟ್ ಎಸ್‌ಎಸ್‌ಸಿ ಹೋಗುವಾಗಲೂ ಬರುವಾಗಲೂ ಶಬ್ದವೇಗವನ್ನು ಮೀರಿತು; ಆದರೆ ಎರಡನೆಯ ಓಟ ಒಂದು ಗಂಟೆಯ ಗಡುವನ್ನು ಸುಮಾರು ಒಂದು ನಿಮಿಷದಷ್ಟು ದಾಟಿದ್ದರಿಂದ ಅಂದಿನ ಸಾಹಸ ಕಡತಕ್ಕೆ ಏರಲಿಲ್ಲ. ಶಬ್ದವನ್ನು ಸೋಲಿಸಿದ ಕಾರು ಗುಮಾಸ್ತನ ಗಡಿಯಾರಕ್ಕೆ ಸೋತಿತು. ಎರಡು ದಿನ ಬಿಟ್ಟು ಮತ್ತೆ ಓಡಿಸಿ ಗುಮಾಸ್ತನನ್ನು ಸಮಾಧಾನಪಡಿಸಬೇಕಾಯಿತು.

ಬ್ಲಡ್‌ಹೌಂಡ್‌ಗೆ ಇಂಥ ಕ್ಷುಲ್ಲಕ ಕಾರಣಗಳಿಗಿಂತ ಉದಾತ್ತವಾದ ಗುರಿಯಿತ್ತು, ಅದು ಮಕ್ಕಳು. ನೋಬಲ್ ಮತ್ತು ಗ್ರೀನ್ ರಕ್ಷಣಾ ಖರೀದಿಯ ಹೊಣೆ ಹೊತ್ತಿದ್ದ ಲಾರ್ಡ್ ಡ್ರೇಸನ್ ಅವರ ಬಾಗಿಲಿಗೆ ಹೋದದ್ದು ಜೆಟ್ ಎಂಜಿನ್ ಕೇಳಲು. ಸ್ವತಃ ಮೋಟಾರ್ ರೇಸಿನ ಹುಚ್ಚಿದ್ದ ಆ ಮಂತ್ರಿಗೆ, ದೇಶದಲ್ಲಿ ಎಂಜಿನಿಯರಿಂಗ್ ಕಡೆಗೆ ಬರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ. ಈ ಕಾರು ಹೊಸ ಪೀಳಿಗೆಗೆ ಸ್ಫೂರ್ತಿ ನೀಡುವುದಾದರೆ ಸರಿ ಎಂಬ ಒಪ್ಪಂದ ಕುದುರಿ, ಅಲ್ಲಿಂದ ಮುಂದೆ ದಾಖಲೆ ಹಿಂದಿನ ಸೀಟಿಗೆ ಸರಿಯಿತು, ಶಿಕ್ಷಣ ಚಾಲಕನ ಸೀಟಿನಲ್ಲಿ ಕುಳಿತಿತು. ಸಾವಿರಾರು ಶಾಲೆಗಳಿಗೆ ಪಾಠಗಳು ಹೋದವು, ಮಕ್ಕಳು ಬಲೂನಿನ ಕಾರು, ರಾಕೆಟ್ಟಿನ ಕಾರು ಮಾಡಿ ಓಡಿಸಿದರು. ಆ ಪುಟ್ಟ ಕಾರುಗಳು ಓಡಿದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 2008ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಯೊಬ್ಬಳು ಈ ಘೋಷಣೆಯಿಂದ ಪುಳಕಗೊಂಡಿದ್ದರೆ, ಶಾಲೆ ಮುಗಿಸಿ, ಎಂಜಿನಿಯರಿಂಗ್ ಪದವಿ ಪಡೆದು, ಅದೇ ಯೋಜನೆಯ ಕೆಲಸಕ್ಕೆ ಅರ್ಜಿ ಹಾಕುವಷ್ಟು ಕಾಲಾವಕಾಶವನ್ನು ಯೋಜನೆ ಆಕೆಗೆ ಧಾರಾಳವಾಗಿ ಒದಗಿಸಿತು. ಶಿಕ್ಷಣ ಕ್ಷೇತ್ರಕ್ಕೆ ಇಷ್ಟು ತಾಳ್ಮೆಯಿಂದ ಕಾದ ವಾಹನ ಇನ್ನೊಂದಿಲ್ಲ.

ಸ್ಫೂರ್ತಿಗೆ ಹಣ ಬೇಕು. ಹಣ ಕೊಟ್ಟವರ ಹೆಸರನ್ನು ಕಾರಿನ ಬಾಲದ ರೆಕ್ಕೆಯ ಮೇಲೆ ಮುದ್ರಿಸುವುದಾಗಿ ಹೇಳಿ, ಕಾರು ಅಂಗಳಕ್ಕಿಳಿಯುವ ಎಷ್ಟೋ ಮೊದಲೇ ಸಾವಿರಾರು ಜನರ ಹೆಸರುಗಳನ್ನು ಸಂಗ್ರಹಿಸಲಾಯಿತು. ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿಯ ಮೇಲೆ ನೆರೆಹೊರೆಯವರೆಲ್ಲರ ಹೆಸರಿನ ಕಸೂತಿಯೂ ಸಿದ್ಧವಾಯಿತು. ಕಾರು ತಯಾರಿಸುವ ಕಂಪನಿಗಳಿಗೂ ಈ ಪುಣ್ಯದಲ್ಲಿ ಪಾಲು ಬೇಕಿತ್ತು. ಒಂದು ಹಂತದಲ್ಲಿ, ರಾಕೆಟ್ಟಿಗೆ ದ್ರವವನ್ನು ಪಂಪು ಮಾಡಲು ಫಾರ್ಮುಲಾ ಒನ್ ಕಾರಿನ ಎಂಜಿನ್ ಇಡುವುದೆಂದು ತೀರ್ಮಾನವಾಗಿತ್ತು; ಅನಂತರ ಆ ಜಾಗಕ್ಕೆ ಜಾಗ್ವಾರ್ ಕಂಪನಿಯ, 550 ಅಶ್ವಶಕ್ತಿಯ ವಿ8 ಎಂಜಿನ್ ಬಂತು. ಯಾವುದಾದರೂ ಶ್ರೀಮಂತನ ಗರಾಜಿನಲ್ಲಿ ಗರ್ಜಿಸಬೇಕಾದ ಎಂಜಿನ್ ಇಲ್ಲಿ ಪಂಪ್‌ಸೆಟ್ಟಿನ ಹುದ್ದೆಗೆ ನೇಮಕಗೊಂಡಿತು. ಪಂಪು ಯಾವ ರಾಕೆಟ್ಟಿಗೋ ಆ ರಾಕೆಟ್ಟನ್ನು ಹೊತ್ತು ಕಾರು ಈವರೆಗೆ ಒಂದೇ ಒಂದು ಓಟವನ್ನೂ ಓಡಿಲ್ಲ.

ಇನ್ನು ಆ ಅಂಗಳದ ವಿಷಯ. ಈ ವೇಗದಲ್ಲಿ ರಬ್ಬರಿನ ಟೈರು ಚಿಂದಿಯಾಗುತ್ತದೆ. ಆದ್ದರಿಂದ ಬ್ಲಡ್‌ಹೌಂಡ್‌ಗೆ ಅಚ್ಚ ಅಲ್ಯೂಮಿನಿಯಮ್ಮಿನ ಚಕ್ರಗಳು. ಒಂದೊಂದರ ವ್ಯಾಸ 90 ಸೆಂಟಿಮೀಟರ್, ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 10,000 ಸುತ್ತು. ಅಂಥ ಚಕ್ರದಡಿಗೆ ಗೋಲಿ ಗಾತ್ರದ ಕಲ್ಲು ಸಿಕ್ಕಿದರೂ ಅದು ಬಂದೂಕಿನ ಗುಂಡಾಗುತ್ತದೆ. ಹಾಕ್ಸ್ಕೀನ್ ಪ್ಯಾನ್ ತುಂಬ ಕಲ್ಲು. ಯಂತ್ರಗಳನ್ನು ಇಳಿಸಿದರೆ ಪಾತಳಿಯ ಗಟ್ಟಿ ಮೇಲ್ಪದರವೇ ಕೆಡುತ್ತದೆ. ಹಾಗಾಗಿ ನಾರ್ದರ್ನ್ ಕೇಪ್ ಪ್ರಾಂತದ ಸರ್ಕಾರ ಹಣ ಕೊಟ್ಟಿತು. ಅಲ್ಲಿನ ಮಿಯರ್ ಸಮುದಾಯದ ಮುನ್ನೂರಕ್ಕೂ ಹೆಚ್ಚು ಗಂಡಸರು ಮತ್ತು ಹೆಂಗಸರು ಕಲಹರಿಯ ಬಿಸಿಲಿನಲ್ಲಿ ಸಾಲಾಗಿ ನಡೆದು, ಬಗ್ಗಿ, ಕೈಯಿಂದ ಕಲ್ಲು ಹೆಕ್ಕಿದರು. ಹೀಗೆ ಹೆಕ್ಕಿದ್ದು 16,000 ಟನ್. ಜಗತ್ತಿನ ಅತ್ಯಾಧುನಿಕ ವಾಹನದ ದಾರಿಯನ್ನು ಸಜ್ಜುಗೊಳಿಸಿದ ಸಲಕರಣೆ ಎಂದರೆ ಮನುಷ್ಯನ ಹತ್ತು ಬೆರಳು. ಇಪ್ಪತ್ತು ಕಿಲೋಮೀಟರ್ ಉದ್ದದ ಆ ಪಟ್ಟಿಯನ್ನು ವರ್ಷಗಟ್ಟಲೆ ಅಂಗುಲ ಅಂಗುಲವಾಗಿ ಸವರಿದ್ದು, ಒಬ್ಬ ಮನುಷ್ಯ ಅದನ್ನು ಎರಡೇ ನಿಮಿಷಗಳಲ್ಲಿ ದಾಟಿಬಿಡಲಿ ಎಂದು.

ಈ ಕೆಲಸವನ್ನು ಸ್ಥಳೀಯರಿಗೆ ಒದಗಿಬಂದ ಉದ್ಯೋಗಾವಕಾಶವೆಂದು ಬಣ್ಣಿಸಲಾಯಿತು. ಕೂಲಿ ಸಿಕ್ಕಿದ್ದು ನಿಜ, ಕೆಲಸವಿಲ್ಲದ ಆ ಸೀಮೆಯಲ್ಲಿ ಅದು ಸಣ್ಣ ಮಾತೂ ಅಲ್ಲ. ನನಗೆ ಕುತೂಹಲವಿರುವುದು ಬೇರೊಂದು ಸಂಗತಿಯಲ್ಲಿ. ಇಡೀ ಯೋಜನೆಯಲ್ಲಿ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿ ಮುಗಿಸಿದವರು ಯಾರೆಂದು ಹುಡುಕಿದರೆ ಸಿಗುವುದು ಈ ಕಲ್ಲು ಹೆಕ್ಕಿದವರೇ. ಅವರಿಗೆ ಜೆಟ್ ಎಂಜಿನ್ ಇರಲಿಲ್ಲ, ಗಾಳಿಸುರಂಗ ಇರಲಿಲ್ಲ, ಪತ್ರಿಕಾಗೋಷ್ಠಿ ಇರಲಿಲ್ಲ. ಅಂಗಳ ಸಿದ್ಧವಾದ ಮೇಲೂ ಕಾರು ಬರಲಿಲ್ಲ. ಮಳೆ ಬಂದು ಪಾತಳಿಯಲ್ಲಿ ನೀರು ನಿಂತು, ಒಣಗಿ, ಹೊಸ ಕಲ್ಲುಗಳು ಮೇಲೆದ್ದಾಗ ಅವರು ಮತ್ತೆ ಹೋಗಿ ಹೆಕ್ಕಿದರು. ಬಾಲದ ರೆಕ್ಕೆಯ ಮೇಲೆ ಹೆಸರು ಹಾಕುವ ಪದ್ಧತಿ ನ್ಯಾಯವಾಗಿ ಅವರಿಂದ ಶುರುವಾಗಬೇಕಿತ್ತು.

ಕಾರು ಏಕೆ ಬರಲಿಲ್ಲವೆಂದರೆ, ಅದು ಕ್ಯಾಲೆಂಡರಿನ ಮೇಲೆ ಓಡುವುದರಲ್ಲಿ ಮಗ್ನವಾಗಿತ್ತು. ದಾಖಲೆಯ ಓಟ 2011ಕ್ಕೆ ಎಂದಿದ್ದುದು ಮುಂದೆ ಸರಿಯಿತು, ಅಲ್ಲಿಂದ ಮತ್ತೆ ಸರಿಯಿತು, ಸರಿಯುವುದರಲ್ಲಿ ಅದಕ್ಕೆ ಎಂದೂ ಘರ್ಷಣೆಯ ತೊಂದರೆ ಎದುರಾಗಲಿಲ್ಲ. ಕೊನೆಗೆ 2017ರ ಅಕ್ಟೋಬರ್ 26ರಂದು ಕಾರ್ನ್‌ವಾಲಿನ ನ್ಯೂಕೀ ವಿಮಾನ ನಿಲ್ದಾಣದಲ್ಲಿ, ಸಾವಿರಾರು ಜನರೆದುರು, ಬ್ಲಡ್‌ಹೌಂಡ್ ಮೊದಲ ಬಾರಿಗೆ ಸಾರ್ವಜನಿಕವಾಗಿ ಓಡಿತು. ರನ್‌ವೇಗೆಂದು ಹಳೆಯ ಲೈಟ್ನಿಂಗ್ ಯುದ್ಧವಿಮಾನದ ಟೈರುಗಳನ್ನು ತೊಡಿಸಲಾಗಿತ್ತು. ತಲುಪಿದ ವೇಗ ಗಂಟೆಗೆ 210 ಮೈಲಿ, ಅಂದರೆ 338 ಕಿಲೋಮೀಟರ್. ಫಾರ್ಮುಲಾ ಒನ್ ಕಾರುಗಳು ರಾಕೆಟ್ಟಿನ ನೆರವಿಲ್ಲದೆ, ಮಂತ್ರಿಯ ಶಿಫಾರಸಿಲ್ಲದೆ ಮುಟ್ಟುವ ವೇಗವಿದು. ಆದರೂ ಅಂದಿನ ಸಂಭ್ರಮ ಕಡಿಮೆಯಾಗಿರಲಿಲ್ಲ. ಒಂಬತ್ತು ವರ್ಷ ಕಾದವರಿಗೆ ಅಲುಗಾಡಿದ್ದೇ ದೊಡ್ಡದು.

ಮರುವರ್ಷ ಅಕ್ಟೋಬರಿನಲ್ಲಿ ಕಂಪನಿಯ ಬೊಕ್ಕಸ ಬರಿದಾಗಿ, ಅದರ ಹೊಣೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮುಂದುವರಿಯಲು ಎರಡೂವರೆ ಕೋಟಿ ಪೌಂಡ್ ಬೇಕೆಂದು ಅವರು ಪ್ರಕಟಿಸಿದರು, ಯಾರೂ ಕೊಡಲಿಲ್ಲ, ಡಿಸೆಂಬರಿನಲ್ಲಿ ಯೋಜನೆ ಮುಗಿಯಿತೆಂದರು. ಹತ್ತೇ ದಿನಗಳಲ್ಲಿ ಯಾರ್ಕ್‌ಶೈರಿನ ಉದ್ಯಮಿ ಇಯನ್ ವಾರ್‌ಹರ್ಸ್ಟ್ ಬಂದು ಕೈಯಿಂದ ಹಣ ಹಾಕಿ ಕಾರನ್ನು ಕೊಂಡರು. ನೀಲಿ ಬಣ್ಣ ಹೋಗಿ ಬಿಳಿ ಮತ್ತು ಕೆಂಪು ಬಂತು. ಸಾವಿರ ಮೈಲಿಯ ಗುರಿ ಎಂಟುನೂರರ ಕಡೆಗೆ ಇಳಿಯಿತು. ಇದನ್ನು ನಾನು ದೂರುತ್ತಿಲ್ಲ. ಈ ಕತೆಯಲ್ಲಿ ಮಾತು ಕಡಿಮೆ ಆಡಿ ಕೆಲಸ ಹೆಚ್ಚು ಮಾಡಿದ ಅವಧಿ ಇದೊಂದೇ. ಒಂದು ವರ್ಷದೊಳಗೆ ಕಾರು ಹಾಕ್ಸ್ಕೀನ್ ಪ್ಯಾನಿನಲ್ಲಿತ್ತು, 2019ರ ನವೆಂಬರ್ 16ರಂದು ಆಂಡಿ ಗ್ರೀನ್ ಅದನ್ನು ಗಂಟೆಗೆ 628 ಮೈಲಿಗೆ, ಅಂದರೆ 1,010 ಕಿಲೋಮೀಟರಿಗೆ ಮುಟ್ಟಿಸಿದರು. ಚಾಲಕನ ಗಂಡೆದೆಗೂ ಎಂಜಿನಿಯರರ ಜಾಣ್ಮೆಗೂ ಯಾರಾದರೂ ತಲೆಬಾಗಬೇಕು. ತಲೆ ಎತ್ತಿದ ಮೇಲೆ ಹಳೆಯ ಕಡತ ನೋಡಿದರೆ, 1983ರಲ್ಲಿ ನೋಬಲ್ ಒಂದೇ ಒಂದು ಸೆಕೆಂಡ್‌ಹ್ಯಾಂಡ್ ಜೆಟ್ ಎಂಜಿನ್ ಇಟ್ಟುಕೊಂಡು ಸ್ಥಾಪಿಸಿದ ದಾಖಲೆಗೆ ಇದು ಇನ್ನೂ ಐದು ಮೈಲಿ ಕಡಿಮೆ. ಮೂವತ್ತಾರು ವರ್ಷಗಳ ಸಂಶೋಧನೆ, ಸೂಪರ್‌ಕಂಪ್ಯೂಟರುಗಳ ಲೆಕ್ಕಾಚಾರ ಮತ್ತು ಒಂದು ಇಡೀ ಪೀಳಿಗೆಯ ಸ್ಫೂರ್ತಿ ಎಲ್ಲವೂ ಸೇರಿ ಐದು ಮೈಲಿ ಹಿಂದಕ್ಕೆ ಬಂದಿದ್ದವು.

ರಾಕೆಟ್ ಕೂಡಿಸಲು ಇನ್ನೂ 80 ಲಕ್ಷ ಪೌಂಡ್ ಬೇಕಿತ್ತು. ಅದು ಕೂಡಿಬರಲಿಲ್ಲ, ಕೋವಿಡ್ ಮಾತ್ರ ಬಂತು. 2021ರ ಜನವರಿಯಲ್ಲಿ ಕಾರು ಮಾರಾಟಕ್ಕಿದೆ ಎಂದು ಪ್ರಕಟವಾಯಿತು. ಕೊಳ್ಳುವವರು ಬರಲಿಲ್ಲವಾಗಿ ಅದೇ ವರ್ಷ ಅದು ಕೊವೆಂಟ್ರಿಯ ಸಾರಿಗೆ ಸಂಗ್ರಹಾಲಯ ಸೇರಿ, ಥ್ರಸ್ಟ್-2 ಮತ್ತು ಥ್ರಸ್ಟ್ ಎಸ್‌ಎಸ್‌ಸಿಗಳ ಪಕ್ಕದಲ್ಲಿ ನಿಂತಿತು. ದಾಖಲೆ ಮುರಿದ ಎರಡು ಕಾರುಗಳಿಗೆ ಸಿಕ್ಕ ಜಾಗವೇ ದಾಖಲೆ ಮುರಿಯುವೆನೆಂದ ಕಾರಿಗೂ ಸಿಕ್ಕಿದ್ದು ಸಂಗ್ರಹಾಲಯದವರ ಸಮದರ್ಶಿತ್ವ.

ಇಷ್ಟರಲ್ಲಿ ಕಾಲ ಬದಲಾಗಿ, ಮಕ್ಕಳ ಸ್ಫೂರ್ತಿಗಿಂತ ಭೂಮಿಯ ತಾಪ ಹೆಚ್ಚು ಮಾರಾಟವಾಗುವ ಸರಕಾಗಿತ್ತು. ಹೊಸ ಮುಖ್ಯಸ್ಥರ ಅಡಿಯಲ್ಲಿ ಯೋಜನೆಯೂ ಹಸಿರಾಯಿತು. ಜೆಟ್ ಎಂಜಿನ್ನಿಗೆ ಕೃತಕ ಇಂಧನ ಹಾಕಿ, ಇಂಗಾಲದ ಲೆಕ್ಕ ಸೊನ್ನೆಗೆ ತಂದು ದಾಖಲೆ ಮುರಿಯುವುದಾಗಿ ಹೇಳಿಕೆ ಬಂತು. ನನ್ನ ಎಣಿಕೆಯಲ್ಲಿ ಆ ಗುರಿ ಈಗಾಗಲೇ ಸಾಧಿತವಾಗಿದೆ: ಸಂಗ್ರಹಾಲಯದಲ್ಲಿ ನಿಂತ ಕಾರಿಗಿಂತ ಕಡಿಮೆ ಹೊಗೆ ಉಗುಳುವ ಜೆಟ್ ಕಾರು ಜಗತ್ತಿನಲ್ಲಿ ಇನ್ನಾವುದಿದೆ? 2023ರಲ್ಲಿ ಇನ್ನೊಂದು ಪ್ರಕಟಣೆ ಹೊರಬಿತ್ತು. ಆಂಡಿ ಗ್ರೀನ್ ಸೀಟು ಬಿಟ್ಟುಕೊಡುತ್ತಾರೆ, ಹೊಸ ಚಾಲಕ ಬೇಕಾಗಿದ್ದಾರೆ, ಬರುವಾಗ ಯೋಜನೆಗೆ ಬೇಕಾದ ಹಣವನ್ನೂ ಹೊಂದಿಸಿಕೊಂಡು ಬರಬೇಕು. ಸಾಮಾನ್ಯವಾಗಿ ಚಾಲಕನಿಗೆ ಸಂಬಳ ಕೊಡುವ ರೂಢಿಯಿದೆ. ಇಲ್ಲಿ ಸಂಬಳವನ್ನು ಚಾಲಕನೇ ಇಡೀ ಕಾರ್ಖಾನೆಗೆ ಕೊಡಬೇಕು. ಆಸಕ್ತರು ವಿಚಾರಿಸಬಹುದು. ವಾಹನ ಸುಸ್ಥಿತಿಯಲ್ಲಿದೆ, ಓಡಿದ್ದು ಅತಿ ಕಡಿಮೆ, ಸದಾ ಸೂರಿನಡಿಯಲ್ಲೇ ನಿಲ್ಲಿಸಿದ್ದು, ಒಬ್ಬರೇ ಚಾಲಕರು ಓಡಿಸಿದ್ದು. ರಾಕೆಟ್ಟನ್ನು ಮಾತ್ರ ಬರುವವರೇ ಹಾಕಿಸಿಕೊಳ್ಳತಕ್ಕದ್ದು.