ನಾನು ‘ನಾನ್-ಇಂಡಿಯನ್’ ಆದ ದಿನ

ಸಿಯಾಟಲ್‌ನಿಂದ ಐ-5 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಟುಲೇಲಿಪ್. ಊರಿಗೆ ಹೊರಡೋ ಮುಂಚೆ ನಮ್ಮ ಕನ್ನಡದವರೆಲ್ಲ ಅಲ್ಲಿನ ಔಟ್‌ಲೆಟ್ ಮಾಲ್‌ಗೆ ಹೋಗಿ ಭಾವನಿಗೆ ಶೂ, ಅತ್ತಿಗೆಗೆ ಬ್ಯಾಗು ತರುವವರೇ. ಅದು ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರ ನೆಲ ಅನ್ನೋದು ಎಂಟು ವರ್ಷ ಓಡಾಡಿದರೂ ನನ್ನ ತಲೆಗೆ ಹೋಗಿರಲಿಲ್ಲ.

ಹೋದ ತಿಂಗಳು ಕಾಫಿ ಸಾಲಿನಲ್ಲಿ ಒಬ್ಬ ಹೆಂಗಸು ಮಾತಿಗೆ ಸಿಕ್ಕರು. ಅಲ್ಲಿಯ ಬುಡಕಟ್ಟು ತಾನೇ ನಡೆಸುವ ಕೋರ್ಟಿನಲ್ಲಿ ಕೆಲಸವಂತೆ. ಎಲ್ಲಿಯವರು ಅಂದರು, ಇಂಡಿಯನ್ ಅಂದೆ. ನಕ್ಕುಬಿಟ್ಟು, ‘ನಮ್ಮ ಕೋರ್ಟಿನ ಲೆಕ್ಕದಲ್ಲಿ ನೀವು ನಾನ್-ಇಂಡಿಯನ್’ ಅಂದರು. ಅಲ್ಲಿ ಇಂಡಿಯನ್ ಅಂದರೆ ಆ ನೆಲದ ಮೂಲನಿವಾಸಿ, ಉಳಿದವರೆಲ್ಲ ಹೊರಗಿನವರು. ಪಾಸ್‌ಪೋರ್ಟಿನ ಮೇಲೆ ಸಿಂಹ ಇಟ್ಟುಕೊಂಡು ತಿರುಗುವವನಿಗೆ ಚುರ್ ಅಂತು. ಅಷ್ಟಕ್ಕೇ ನಿಲ್ಲಲಿಲ್ಲ. ‘2013ರ ತನಕ ನೀವು ನಮ್ಮ ಹುಡುಗಿಯನ್ನ ಮದುವೆಯಾಗಿ, ಇದೇ ನೆಲದಲ್ಲಿ ಹೊಡೆದಿದ್ದರೂ ನಮ್ಮ ಕೋರ್ಟು ನಿಮ್ಮನ್ನ ಕೇಳೋ ಹಾಗೇ ಇರಲಿಲ್ಲ.’

ಮನೆಗೆ ಬಂದು ಓದಿದೆ. ಸಿಯಾಟಲ್‌ನಿಂದ ನೀರು ದಾಟಿದರೆ ಸಿಗುವ ಸುಕ್ವಾಮಿಶ್ ಬುಡಕಟ್ಟಿನ ಪೊಲೀಸರ ಮೇಲೆ ಹೊರಗಿನವನೊಬ್ಬ ಕೈ ಮಾಡಿದ ಕೇಸು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೊರಗಿನವರನ್ನು ಕ್ರಿಮಿನಲ್ ಕೇಸಿನಲ್ಲಿ ವಿಚಾರಿಸುವ ಅಧಿಕಾರ ಬುಡಕಟ್ಟುಗಳಿಗಿಲ್ಲ ಅಂದಿತು. ಅಲ್ಲಿಂದ ಮೂವತ್ತೈದು ವರ್ಷ ಹೆಂಡತಿಗೆ ಹೊಡೆಯೋ ಹೊರಗಿನವನಿಗೆ ಆ ನೆಲವೇ ಆಸರೆ. ಹೆಂಗಸರ ಮೇಲಿನ ಹಿಂಸೆ ತಡೆಯುವ 2013ರ ಕಾಯ್ದೆ ಮುಖ್ಯವಾಗಿ ಮನೆಯೊಳಗಿನ ಹಿಂಸೆಗೆ ಬಾಗಿಲು ತೆಗೆಯಿತು. ಮರುವರ್ಷ ಮೊದಲು ಶುರು ಮಾಡಿದ ಮೂರು ಬುಡಕಟ್ಟುಗಳಲ್ಲಿ ಟುಲೇಲಿಪ್ ಒಂದು. 2022ರಲ್ಲಿ ಲೈಂಗಿಕ ಹಿಂಸೆ, ಮಕ್ಕಳ ಮೇಲಿನ ಹಿಂಸೆ, ಬುಡಕಟ್ಟಿನ ಪೊಲೀಸರ ಮೇಲೆ ಕೈ ಮಾಡೋದು ಎಲ್ಲ ಸೇರಿತು.

ಇಲ್ಲಿ ನನಗೆ ನಮ್ಮ ಕಡೆಯ ಪೋಡು, ಅಂದರೆ ಸೋಲಿಗರ ಹಾಡಿ, ನೆನಪಾಯಿತು. ನಮ್ಮ ಮನೆಗೆ ಜೇನು, ಸೀಗೆ ತಂದುಕೊಡುತ್ತಿದ್ದ ಸೋಲಿಗರ ಅಕ್ಕ ಒಬ್ಬರಿದ್ದರು. ಹೊರಗಿನ ಗುತ್ತಿಗೆದಾರನೊಬ್ಬ ಕೂಲಿ ಕೇಳಿದ್ದಕ್ಕೆ ಅವರಿಗೆ ಹೊಡೆದಿದ್ದ. ಪೋಡಿನ ಯಜಮಾನರು ಪಂಚಾಯ್ತಿ ಸೇರಿಸಿದರೆ ಅವನು ಬೈಕ್ ಮೇಲೇ ಕೂತು, ‘ನಿಮ್ಮ ಪಂಚಾಯ್ತಿ ನಿಮ್ಮೋರಿಗೆ ಇಟ್ಕೊಳ್ಳಿ’ ಅಂದನಂತೆ. ಠಾಣೆಯಲ್ಲಿ ಆ ಅಕ್ಕನನ್ನು ಎರಡು ದಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಿಸಿದರು. ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಟುಲೇಲಿಪ್‌ನ ಕೋರ್ಟು ಆ ಪೋಡಿನಲ್ಲಿ ಇದ್ದಿದ್ದರೆ ಅಂತ ಹೊಟ್ಟೆ ಉರಿಯಿತು. ನಮ್ಮಲ್ಲಿ ಆದಿವಾಸಿಗಳಿಗೆ ಅಕ್ಕಿ ಕೊಡ್ತೀವಿ, ಮನೆ ಕೊಡ್ತೀವಿ. ಹೊರಗಿನವನನ್ನು ನಿಲ್ಲಿಸಿ ಕೇಳೋ ಅಧಿಕಾರ ಮಾತ್ರ ಕೊಡಲ್ಲ.

ಸರಿ, ಇಲ್ಲಿಯ ಕಥೆಯೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದಿಲ್ಲ. ಅಧಿಕಾರ ಬಂದಿದ್ದು ಷರತ್ತಿನ ಜೊತೆ. ಆರೋಪಿ ಬಡವನಾದರೆ ಅವನಿಗೆ ವಕೀಲರನ್ನು ಬುಡಕಟ್ಟೇ ಇಡಬೇಕು, ಕಾನೂನು ಓದಿದ ಜಡ್ಜ್ ಬೇಕು, ಜ್ಯೂರಿಯ ಪಟ್ಟಿಯಲ್ಲಿ ಹೊರಗಿನವರಿಗೂ ಜಾಗ ಬೇಕು. ಜೈಲಿನಲ್ಲಿ ಅವನಿಗೆ ಕಾಯಿಲೆಯಾದರೆ ಆಸ್ಪತ್ರೆ ಬಿಲ್ಲೂ ಬುಡಕಟ್ಟಿನ ತಲೆ ಮೇಲೇ ಬರಬಹುದು. 2013ರ ಕಾಯ್ದೆ ಇದಕ್ಕೆಲ್ಲ ವರ್ಷಕ್ಕೆ 50 ಲಕ್ಷ ಡಾಲರ್ ತನಕ ಅಂದಿತ್ತು, 2022ರದ್ದು 2.5 ಕೋಟಿ ಅಂದಿದೆ. ಬುಡಕಟ್ಟುಗಳು ನೋಡಿದರೆ 570ಕ್ಕೂ ಜಾಸ್ತಿ. ಅದೂ ಕಾಯ್ದೆಯಲ್ಲಿ ಬರೆದಷ್ಟೂ ಬಜೆಟ್‌ನಲ್ಲಿ ಬರಬೇಕು ಅಂತಿಲ್ಲ. ಒಂದು ಭಾಗಕ್ಕೆ ಅರ್ಜಿ ಬರೆದು ಕಾಯಬೇಕು, ಇನ್ನೊಂದು ಭಾಗ ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ಕೊಡೋದು. ನಮ್ಮ ಮೇಷ್ಟ್ರುಗಳ ಟಿಎ ಬಿಲ್ಲಿನ ಥರಾನೇ, ಅಲ್ವಾ? ಕ್ಯಾಸಿನೊ, ಮಾಲು ಇರೋ ಟುಲೇಲಿಪ್ ತಡೆದುಕೊಳ್ಳುತ್ತೆ. ಹೆದ್ದಾರಿಯೇ ಹಾಯದ ಸಣ್ಣ ಬುಡಕಟ್ಟು ಎಲ್ಲಿಂದ ತರಬೇಕು? ಅದಕ್ಕೇ ಬಹುಪಾಲು ಬುಡಕಟ್ಟುಗಳು ಈ ಅಧಿಕಾರ ಇನ್ನೂ ಕೈಗೇ ತಗೊಂಡಿಲ್ಲ.

ಇದನ್ನೆಲ್ಲ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಒದರಿದೆ. ನಮ್ಮಲ್ಲಿ ಏನಿದೆ ಮಣ್ಣು ಅಂದೆ. ‘1989ರ ದೌರ್ಜನ್ಯ ತಡೆ ಕಾಯ್ದೆ ಯಾರಿಗೋ ಮಾಡಿದ್ದು? ಆ ಅಕ್ಕನ ಕೇಸು ಕೊನೆಗೆ ಅದರಲ್ಲೇ ತಾನೇ ದಾಖಲಾಗಿದ್ದು’ ಅಂದರು. ವಕೀಲರು, ಜಡ್ಜು ಎಲ್ಲ ಸರ್ಕಾರದ ಖರ್ಚು, ಪೋಡಿನವರು ಒಂದು ರೂಪಾಯಿ ಹಾಕಲಿಲ್ಲ, ಸಾಕ್ಷಿ ಹೇಳೋಕೆ ಹೋಗಿಬರೋ ಬಸ್ ಚಾರ್ಜೂ ಕೊಟ್ಟರಂತೆ. ಇದು ನನಗೆ ಗೊತ್ತೇ ಇರಲಿಲ್ಲ.

‘ಮತ್ತೆ ಕೇಸು ಏನಾಯ್ತಪ್ಪಾ?’

‘ನಡೀತಿದೆ ಕಣೋ. ಬಸ್ ಚಾರ್ಜು ಮಾತ್ರ ಆರು ಸಲ ಕೊಟ್ಟಿದ್ದಾರೆ.’