ಬಿಲಾಲರು ಅಝಾನ್ ಹೇಳದೆ ಬೆಳಗಾಗಲಿಲ್ಲವೇ? ಸ್ಪಷ್ಟನೆ

ಪ್ರವಾದಿ ಮುಹಮ್ಮದರ ಕಾಲದಲ್ಲಿ ಅಝಾನ್ (ನಮಾಝ್‌ನ ಕರೆ) ಹೇಳುತ್ತಿದ್ದ ಹಝ್ರತ್ ಬಿಲಾಲರಿಗೆ ‘ಶ’ಕಾರ ಹೊರಳುತ್ತಿರಲಿಲ್ಲ, ‘ಅಶ್‌ಹದು’ (ಸಾಕ್ಷಿ ನುಡಿಯುತ್ತೇನೆ ಎಂಬ ಅಝಾನ್‌ನ ಪದ) ಎನ್ನುವಲ್ಲಿ ‘ಅಸ್‌ಹದು’ ಎನ್ನುತ್ತಿದ್ದರು; ಜನರ ಆಕ್ಷೇಪದಿಂದ ಬೇರೊಬ್ಬರು ಅಝಾನ್ ಹೇಳಿದ ದಿನ ಸೂರ್ಯನೇ ಹುಟ್ಟಲಿಲ್ಲ ಎಂಬ ಬರಹವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕೇಳಲು ಸೊಗಸು, ಆದರೆ ಬುಡವಿಲ್ಲದ ಕಥೆ. ‘ಶ’ಕಾರದ ಮಾತಿಗೆ ಮೂಲವೇ ಇಲ್ಲವೆಂದು ಡಮಾಸ್ಕಸ್‌ನ ವಿದ್ವಾಂಸ ಇಬ್ನ್ ಕಸೀರ್ 14ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಅವರ ಗುರು ಮಿಝ್ಝಿಯವರ ಅಭಿಪ್ರಾಯವೂ ಅದೇ.

ಬಿಲಾಲರ ತಾಯಿ ಹಮಾಮಾ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಮೂಲದವರು, ನಿಜ. ಆದರೆ ಮಗ ಬಾಳಿದ್ದು ಮಕ್ಕಾದ ಜುಮಹ್ ಮನೆತನದ ಗುಲಾಮನಾಗಿ, ಅರಬಿ ಮಾತಿನ ನಡುವೆಯೇ. ಒಡೆಯ ಉಮಯ್ಯಾ ಇಸ್ಲಾಮ್ ತೊರೆಯೆಂದು ಸುಡುಬಿಸಿಲಿನಲ್ಲಿ ಅಂಗಾತ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿಸಿದಾಗಲೂ ‘ಅಹದ್, ಅಹದ್’ (ದೇವರು ಒಬ್ಬನೇ, ಒಬ್ಬನೇ) ಎಂದವರು ಅವರು. ಅಂಥವರ ಹಿರಿಮೆಗೆ ಇಲ್ಲದ ಕುಂದೊಂದನ್ನು ಅಂಟಿಸಿ, ಮೇಲೊಂದು ಪವಾಡ ಹೊದಿಸುವ ಅಗತ್ಯ ಏನಿತ್ತೋ! ಅಝಾನ್‌ನ ಪದಗಳನ್ನು ಕನಸಿನಲ್ಲಿ ಕೇಳಿದ್ದ ಅಬ್ದುಲ್ಲಾ ಇಬ್ನ್ ಝೈದ್ ಅವರಿಗೆ ಪ್ರವಾದಿಯವರು, ಬಿಲಾಲರಿಗೆ ಹೇಳಿಕೊಡಿ, ಅವರ ಕಂಠ ನಿಮಗಿಂತ ಚೆನ್ನಾಗಿದೆ ಎಂದಿದ್ದರು. ಉಚ್ಚಾರಣೆ ಕೆಟ್ಟವರಿಗೆ ಸಿಗುವ ಹೊಣೆಯೇ ಇದು?

ಸೂರ್ಯೋದಯದ ಮಾತಂತೂ ಹದೀಸ್‌ಗೇ (ಪ್ರವಾದಿಯವರ ನುಡಿ-ನಡೆಗಳ ವರದಿಗೇ) ವಿರುದ್ಧ. ಬಿಲಾಲರು ಇನ್ನೂ ರಾತ್ರಿಯಿರುವಾಗಲೇ ಅಝಾನ್ ಹೇಳುತ್ತಾರೆ, ಇಬ್ನ್ ಉಮ್ಮಿ ಮಕ್ತೂಮ್ ಹೇಳುವ ತನಕ ಉಣ್ಣಿರಿ, ಕುಡಿಯಿರಿ ಎಂದು ಪ್ರವಾದಿಯವರೇ ಉಪವಾಸಿಗರಿಗೆ ಹೇಳಿದ್ದರು. ಈ ಎರಡನೆಯವರು ಅಂಧರು. ‘ಬೆಳಗಾಯಿತು, ಬೆಳಗಾಯಿತು’ ಎಂದು ಜನ ಹೇಳಿದ ಮೇಲೆಯೇ ಅಝಾನ್ ಹೇಳುತ್ತಿದ್ದರು. ಅಂದರೆ ಬೆಳಗಿನ ಅಝಾನ್ ಬೇರೊಬ್ಬರದೇ ಆಗಿದ್ದರೂ ಬೆಳಗಾಗುತ್ತಲೇ ಇತ್ತು.