ಆಕ್ಸಿಟೋಸಿನ್ ಹಾಲು ತಯಾರಿಸುವುದಿಲ್ಲ: ಒಂದು ಸ್ಪಷ್ಟನೆ

‘ಆಕ್ಸಿಟೋಸಿನ್ ಪ್ರೀತಿಯ ಹಾರ್ಮೋನ್. ಎದೆಹಾಲು ತಯಾರಿಸುವುದೂ ಅದೇ. ಮಾತ್ರೆ ನುಂಗಿದರೆ ಎರಡೂ ಜಾಸ್ತಿಯಾಗುತ್ತದೆ’ ಎನ್ನುವ ಸಂದೇಶವೊಂದು ಓಡಾಡುತ್ತಿದೆ. ಇದರಲ್ಲಿ ಸ್ವಲ್ಪ ನಿಜವಿದೆ, ಉಳಿದದ್ದು ಗೊಂದಲ.

ಮೊದಲು ಹಾಲಿನ ವಿಷಯ. ಹಾಲು ತಯಾರಾಗಲು ಮುಖ್ಯವಾಗಿ ಬೇಕಾದದ್ದು ಪ್ರೊಲ್ಯಾಕ್ಟಿನ್ ಎಂಬ ಬೇರೆಯೇ ಹಾರ್ಮೋನ್. ತಯಾರಾದ ಹಾಲನ್ನು ಹೊರಗೆ ತಳ್ಳಿಸುವುದು ಆಕ್ಸಿಟೋಸಿನ್ ಕೆಲಸ. ಮಗು ಚೀಪಿದಾಗ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ತಯಾರಾಗಿ, ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಕಾದು ಕುಳಿತಿದ್ದ ಆಕ್ಸಿಟೋಸಿನ್ ಆಗ ರಕ್ತಕ್ಕೆ ಇಳಿಯುತ್ತದೆ. ಅದು ಮೈಯೆಲ್ಲ ಸುತ್ತಿದರೂ, ಅದಕ್ಕೆ ಹೊಂದುವ ಗ್ರಾಹಕ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್) ಇರುವ ಜೀವಕೋಶಗಳು ಮಾತ್ರ ಓಗೊಡುತ್ತವೆ. ಹಾಲಿನ ಪುಟ್ಟ ಚೀಲಗಳ ಸುತ್ತಲಿನ ಕೋಶಗಳು ಬಿಗಿಯುತ್ತವೆ, ಹಾಲು ಹೊರಬರುತ್ತದೆ. ಕೆಲವು ತಾಯಂದಿರಿಗೆ ಮಗುವಿನ ಅಳು ಕೇಳಿದರೂ ಸಾಕು, ಅಲ್ವಾ?

ಹೆರಿಗೆಯಲ್ಲಿ ಇದರ ಆಟ ಇನ್ನೂ ಸೊಗಸು. ಮಗು ಗರ್ಭಕೋಶದ ಬಾಯಿಯನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಹೆಚ್ಚುತ್ತದೆ. ಅದು ಹೆಚ್ಚಿದಷ್ಟೂ ಗರ್ಭಕೋಶ ಬಲವಾಗಿ ಹಿಂಡುತ್ತದೆ, ಒತ್ತಡ ಮತ್ತೆ ಏರುತ್ತದೆ. ಮಗು ಹೊರಬಂದ ಮೇಲೆಯೇ ಈ ಸುತ್ತು ಮುರಿಯುವುದು.

ಇನ್ನು ಮಾತ್ರೆ. ಆಕ್ಸಿಟೋಸಿನ್ ಬರೀ 9 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಪ್ರೋಟೀನಿನ ಚಿಕ್ಕ ತುಣುಕಿನಂಥದ್ದು. ಸುಮ್ನೆ ನುಂಗಿದರೆ ಊಟದ ಪ್ರೋಟೀನಿನ ಹಾಗೆ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಹೆರಿಗೆಯಲ್ಲಿ ಇದನ್ನು ಇಂಜೆಕ್ಷನ್ ಅಥವಾ ಡ್ರಿಪ್ ಮೂಲಕ ಕೊಡುವುದು.

ಪ್ರೀತಿ? ಬಾಂಧವ್ಯದಲ್ಲಿ ಇದಕ್ಕೆ ಪಾತ್ರವಿದೆ, ಆದರೆ ಇದೊಂದೇ ಅಲ್ಲ. ಜೋಡಿಯಾಗಿ ಬಾಳುವ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿಯಲ್ಲಿ ಆಕ್ಸಿಟೋಸಿನ್ ಗ್ರಾಹಕವನ್ನೇ ತೆಗೆದು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವು ಆಗಲೂ ಜೋಡಿ ಕಟ್ಟಿಕೊಂಡವು.